ಮ್ಯಾನೇಜರ್ ಆಗಹೊರಟವನು

ಕಡೂರಿನಿಂದ ಹೊರಟ ಭಾಷಣಕಾರರು ಬೀರೂರಿನಲ್ಲಿ ಅಜ್ಜಂಪುರದ ಬಸ್ಸು ಹತ್ತುವ ಬದಲು ತರೀಕೆರೆ ಬಸ್ಸು ಹತ್ತಿದರು. ಹತ್ತಿದ್ದು ಸಾಲದು ಅಂತ ಕಿಟಕಿ ಪಕ್ಕದ ಸೀಟು ಸಿಕ್ಕ ಖುಷಿಯಲ್ಲಿ ನಿದ್ದೆಯನ್ನೂ ಹೊಡೆದರು. ಇಷ್ಟು ಆಗದೇ ಇದ್ದಿದ್ದರೆ ಓಂಕಾರೇಶನ ಸಂಸಾರ, ಸಂಬಳ, ಮರ್ಯಾದೆ ಎಲ್ಲ ಮೊದಲಿದ್ದ ಹಾಗೇ ಇರುತ್ತಿದ್ದವು.

ಅವರು ತರೀಕೆರೆಯಲ್ಲಿ ಕಣ್ಣುಜ್ಜಿಕೊಂಡು ಫೋನ್ ಮಾಡುವ ಹೊತ್ತಿಗೆ ಅಜ್ಜಂಪುರದ ಕಲ್ಯಾಣ ಮಂಟಪದಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಕಿಕ್ಕಿರಿದು ಕೂತಿದ್ದರು. ಯುವಕ ಸಂಘದವರ ಕಾರ್ಯಕ್ರಮ. ವೇದಿಕೆಯ ಹಿಂದೆ ‘ನಿಮ್ಮ ವೃತ್ತಿ, ನಿಮ್ಮ ಗುರಿ, ನಿಮ್ಮ ದಾರಿ’ ಅಂತ ಬ್ಯಾನರ್. ದಾರಿ ತೋರಿಸಬೇಕಾದವರೇ ದಾರಿ ತಪ್ಪಿದ್ದಾರೆ ಅಂತ ಆ ಮಕ್ಕಳಿಗೆ ಹೇಳೋದು ಹೇಗೆ?

ಮಂಟಪದ ಯಜಮಾನರು ಮಲ್ಲಿಕಾರ್ಜುನಯ್ಯ ಸುತ್ತ ನೋಡಿದರು. ಅವರ ಕಣ್ಣಿಗೆ ಬಿದ್ದವನು ಮೈಕ್ ಸರಿಮಾಡುತ್ತಿದ್ದ ಸೂಪರ್‌ವೈಸರ್ ಓಂಕಾರೇಶ.

“ಲೇ ಓಂಕಾರೇಶ, ಹತ್ತೋ ಮೇಲೆ. ಅವ್ರು ಬರೋವರ್ಗೂ ಏನಾದ್ರೂ ಮಾತಾಡ್ತಿರು.”

“ನಾನಾ ಯಜಮಾನ್ರೇ? ಏನ್ ಮಾತಾಡ್ಲಿ?”

“ಬೋರ್ಡ್ ಹಾಕಿಲ್ವಾ ಹಿಂದೆ? ಅದುನ್ನೇ ಮಾತಾಡು.”

ಓಂಕಾರೇಶನಿಗೂ ಒಂದು ಗುರಿ ಇತ್ತು. ಮಂಟಪದ ಮಹಡಿಯಲ್ಲಿ ಒಂದು ಎ.ಸಿ. ಕೋಣೆ. ಅದರ ಬಾಗಿಲ ಮೇಲೆ ‘ಮ್ಯಾನೇಜರ್’ ಅಂತ ಕಟ್ಟಡ ಕಟ್ಟಿಸಿದಾಗಲೇ ಬರೆಸಿದ್ದರು. ಒಳಗೆ ಇವತ್ತಿನವರೆಗೂ ಯಾರೂ ಕೂತಿರಲಿಲ್ಲ. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದ ಓಂಕಾರೇಶನ ಮಗಳು ಈಗ ಹೈಸ್ಕೂಲು. ಪ್ರತಿ ಯುಗಾದಿಗೂ ಯಜಮಾನರನ್ನು ಕೇಳಿಬಿಡಬೇಕು ಅಂತ ಹೊಸ ಅಂಗಿ ಹಾಕಿಕೊಂಡು ಹೋಗುವನು. ಬೇವು ಬೆಲ್ಲ ತಿಂದು, ಕಾಲಿಗೆ ಬಿದ್ದು, ಬಂದ ದಾರಿಯಲ್ಲೇ ವಾಪಸ್ಸು ಬರುವನು. ಅವನ ಹೆಂಡತಿ ಶಾಂಭವಿ ಈಚೆಗೆ “ಕೇಳಿದ್ರಾ?” ಅಂತ ಕೇಳುವುದನ್ನೂ ಬಿಟ್ಟಿದ್ದಳು.

ಅಷ್ಟು ವರ್ಷ ಒಳಗೇ ಉಳಿದಿದ್ದ ಮಾತೆಲ್ಲ ಮೈಕ್ ಸಿಕ್ಕಿದ್ದೇ ತಡ, ತೂಬು ತೆಗೆದ ಬುಕ್ಕಾಂಬುಧಿ ಕೆರೆಯ ಹಾಗೆ ಹೊರಟಿತು.

“ಗುರಿ ಅನ್ನೋದನ್ನ ಮನಸ್ಸಲ್ಲೇ ಇಟ್ಕೊಂಡ್ರೆ ಅದು ಹಳೇ ಹುಣಸೆಹಣ್ಣಿನ ಥರ ಕಪ್ಪಗಾಗುತ್ತೆ,” ಅಂದ. “ಬಾಯ್ಬಿಟ್ಟು ಹೇಳ್ಬೇಕು. ನಾಳೆ ಅನ್ಬೇಡಿ, ಇವತ್ತೇ ಹೇಳಿ. ಯಾರ್ಗೋ ಬೇಜಾರಾಗುತ್ತೆ ಅಂತ ಸುಮ್ನಿದ್ರೆ ಆ ಬೇಜಾರು ನಮ್ಗೇ ಉಳ್ಕೊಳ್ಳುತ್ತೆ. ನಾನು ಸುಮ್ನಿದ್ದವ್ನು, ಅದಕ್ಕೇ ಹೇಳ್ತಿದೀನಿ.”

ಕೊನೆಯ ಮಾತಿಗೆ ಬಿದ್ದ ಚಪ್ಪಾಳೆಗೆ ಮಂಟಪದ ಪಾರಿವಾಳಗಳು ಎದ್ದು ರೈಲ್ವೆ ಸ್ಟೇಷನ್ ಕಡೆ ಹಾರಿದವು. ಸಂಘದವರು ಭಾಷಣಕಾರರಿಗೆ ಫೋನ್ ಮಾಡಿ, ತರೀಕೆರೆಯಿಂದ ಹಾಗೇ ಮನೆಗೆ ಹೋಗಬಹುದು ಅಂತ ಹೇಳಿದರು.

ಯಜಮಾನರು ಬೆನ್ನು ತಟ್ಟಿದರು. “ಚೆನ್ನಾಗ್ ಮಾತಾಡ್ದೆ ಕಣೋ. ಸಂಜೆ ಬತ್ತೀನಿ, ಇರು. ಈ ಮಂಟಪಕ್ಕೆ ಒಬ್ಬ ಮ್ಯಾನೇಜರ್ ಬೇಕೇ ಬೇಕು ಅಂತ ಇವತ್ತು ಅನ್ನಿಸ್ತು.”

ಓಂಕಾರೇಶ ನೆಲದ ಮೇಲೆ ನಿಂತಿದ್ದ, ಆದರೆ ನೆಲ ಕಾಲಿಗೆ ತಾಕುತ್ತಿರಲಿಲ್ಲ. ಕೂಡಲೇ ಶಾಂಭವಿಗೆ ಫೋನ್ ಮಾಡಿ, “ಸಂಜೆ ಪಾಯ್ಸ ಮಾಡು, ಯಾಕೆ ಅಂತ ಕೇಳ್ಬೇಡ” ಅಂದ. ಅವಳು ಕೇಳಲಿಲ್ಲ.

ಫೋನು ಜೇಬಿಗೆ ಹಾಕುವಷ್ಟರಲ್ಲಿ ಅಡುಗೆಮನೆಯ ಹುಲಿಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಇಡೀ ತಾಲ್ಲೂಕಿನಲ್ಲಿ ಅವಳ ತಿಳಿಸಾರಿಗೆ ಹೆಸರಿತ್ತು.

“ಓಂಕಾರಪ್ಪ, ನಾನು ನಾಳೆಯಿಂದ ಬರಲ್ಲ ಕಣಪ್ಪ.”

“ಯಾಕಕ್ಕ, ಮೈ ಹುಷಾರಿಲ್ವಾ?”

“ಮೈ ಗಟ್ಟಿಯಾಗಿದೆ. ನಂದೇ ಒಂದು ಮೆಸ್ ಮಾಡ್ಬೇಕು ಅಂತ ಬಲು ದಿನದಿಂದ ಆಸೆ. ನೀನೇ ಮೈಕಲ್ಲಿ ಹೇಳ್ದಲ್ಲ, ಇವತ್ತೇ ಹೇಳಿ ಅಂತ. ಹೇಳ್ತಿದೀನಿ.”

“ಅದು ಕಾಲೇಜ್ ಮಕ್ಕಳಿಗೆ ಹೇಳಿದ್ದು ಅಕ್ಕ.”

“ಮೈಕು ಅಡುಗೆಮನೆಗೂ ಕೇಳಿಸ್ತಪ್ಪ.”

ನಾಡಿದ್ದು ಬುಕ್ಕಾಂಬುಧಿಯ ನಂಜುಂಡಪ್ಪನವರ ಮಗಳ ಮದುವೆ. ಹುಲಿಯಮ್ಮನ ಕೈಯಡುಗೆ ಅಂತಲೇ ನಂಜುಂಡಪ್ಪ ಈ ಮಂಟಪ ಗೊತ್ತುಮಾಡಿದ್ದು. ಸಂಜೆ ಮ್ಯಾನೇಜರ್ ಆಗುವವನು ಮಧ್ಯಾಹ್ನವೇ ಅಡುಗೆಯವಳನ್ನು ಕಳೆದುಕೊಂಡರೆ ಹೇಗೆ? ಓಂಕಾರೇಶ ಅವಳ ಹಿಂದೆಯೇ ಒಲೆ, ಬಾವಿಕಟ್ಟೆ, ಗೇಟು ಅಂತ ಸುತ್ತಿದ. ಗೇಟಿನ ಹತ್ತಿರ ಅವನಿಗೆ ತನ್ನ ಕೋಣೆ ಕಾಣಿಸಿತು. ರಸ್ತೆ ಕಡೆ ದೊಡ್ಡ ಕಿಟಕಿ ಇದ್ದ ಕೋಣೆ. ಹೇಗೂ ನಾಳೆಯಿಂದ ಮಹಡಿಯ ಎ.ಸಿ.ಯಲ್ಲಿ ಕೂರುವವನು.

“ಅಕ್ಕ, ನನ್ ರೂಮಲ್ಲೇ ಮೆಸ್ ಮಾಡ್ಕೊ. ಯಜಮಾನ್ರಿಗೆ ನಾನ್ ಹೇಳ್ತೀನಿ. ಮದ್ವೆ ಇದ್ದಾಗ ಒಳಗೆ ಅಡುಗೆ, ಇಲ್ದಿದ್ದಾಗ ಮುಂದೆ ಮೆಸ್.”

ಹುಲಿಯಮ್ಮ ಕೋಣೆಯನ್ನು ಒಳಗೂ ಹೊರಗೂ ನೋಡಿ, “ಮೇಜು ಈಗ್ಲೇ ಆಚೆ ಹಾಕು” ಅಂದಳು. ಅವನು ಮೇಜು ಎಳೆದು ವರಾಂಡಕ್ಕೆ ಹಾಕಿದ.

ಮೇಜಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದಾಗ ಸತೀಶ ಬಂದ. ಜನರೇಟರ್, ದೀಪ, ಮೋಟಾರು ಎಲ್ಲ ಅವನದೇ ಉಸ್ತುವಾರಿ. ಮಂಟಪದ ಜನರೇಟರು ಮುಂಗೋಪದ ಎಮ್ಮೆಯ ಥರ, ಸತೀಶನ ಕೈ ಬಿಟ್ಟರೆ ಬೇರೆ ಯಾರ ಕೈಗೂ ಬಗ್ಗುತ್ತಿರಲಿಲ್ಲ.

“ಓಂಕಾರಣ್ಣ, ನಿಮ್ ಮಾತು ಎದೆಗೆ ನಾಟ್ಬಿಡ್ತು,” ಅಂದ.

“ಬೇಡ ಕಣೋ,” ಅಂದ ಓಂಕಾರೇಶ.

“ನಾನಿನ್ನೂ ಹೇಳೇ ಇಲ್ಲ. ಅಣ್ಣ, ನಂಗೆ ಹೆಣ್ಣು ನೋಡೋಕೆ ಹೋದ್ರೆ ಮೈಯೆಲ್ಲ ಡೀಸೆಲ್ ವಾಸನೆ ಅಂತಾರೆ. ಬಿಳೀ ಅಂಗಿ ಹಾಕ್ಕೊಂಡು ಬಾಗಲಲ್ಲಿ ನಿಂತು ‘ಬನ್ನಿ, ಊಟ ಆಯ್ತಾ’ ಅನ್ನೋ ಕೆಲಸ ಮಾಡ್ಬೇಕು ಅಂತ ನನ್ ಗುರಿ. ತರೀಕೆರೇಲಿ ಒಂದು ಹೋಟ್ಲಲ್ಲಿ ಕರೀತಿದಾರೆ. ಸಂಜೆ ಬಸ್ಸಿಗೆ ಹೋಗ್ತೀನಿ.”

ಓಂಕಾರೇಶ ಬುದ್ಧಿ ಹೇಳಿದ, ಗದರಿದ, ಕಾಫಿ ಕುಡಿಸಿದ. ಎಲ್ಲದಕ್ಕೂ ಸತೀಶ, “ನೀವೇ ಹೇಳಿದ್ದು ಅಣ್ಣ” ಅಂತ ಒಂದೇ ಉತ್ತರ ಕೊಟ್ಟ. ಬಸ್ ಸ್ಟ್ಯಾಂಡಿನವರೆಗೂ ಬ್ಯಾಗಿನ ಒಂದು ಹಿಡಿ ಅವನದು, ಇನ್ನೊಂದು ಹಿಡಿ ಇವನದು. ದಾರಿಯಲ್ಲಿ ಅಂಗಡಿಯವರೆಲ್ಲ “ಏನಪ್ಪಾ, ಭಾಷಣ ಮಾಡ್ದಂತೆ” ಅಂತ ಮಾತಾಡಿಸುವವರೇ. ಬಸ್ಸು ಹಾರ್ನ್ ಹೊಡೆಯಿತು. ಸತೀಶ ಒಂದು ಕಾಲು ಫುಟ್‌ಬೋರ್ಡಿನ ಮೇಲೆ ಇಟ್ಟ.

“ಇಳಿಯೋ. ಸೂಪರ್‌ವೈಸರ್ ಮಾಡ್ತೀನಿ,” ಅಂದ ಓಂಕಾರೇಶ.

“ಆ ಕೆಲಸದಲ್ಲಿ ನೀವಿದೀರಲ್ಲಣ್ಣ.”

“ನಾನು ಮ್ಯಾನೇಜರ್ ಆಗ್ತಿದೀನಿ ಕಣೋ. ನಾಲ್ಕು ಜನರ ಮುಂದೆ ಹೇಳ್ತಿದೀನಿ, ನೀನೇ ಸೂಪರ್‌ವೈಸರ್.”

ನಾಲ್ಕಲ್ಲ, ಇಡೀ ಬಸ್ಸೇ ಕೇಳಿಸಿಕೊಂಡಿತು. ಕಂಡಕ್ಟರ್ ಕೈಕುಲುಕಿದ. ಸತೀಶ ಇಳಿದವನು ನೆಟ್ಟಗೆ ಹೋಗಿ ಬಿಳೀ ಅಂಗಿ ಕೊಂಡ.

ಸಂಜೆ ಯಜಮಾನರು ಬಂದರು. ಓಂಕಾರೇಶ ವರಾಂಡದ ಮೇಜಿನ ಪಕ್ಕ ತಲೆ ಬಾಚಿಕೊಂಡು ನಿಂತಿದ್ದ. ಮೆಸ್ಸಿನ ವಿಷಯ, ಸತೀಶನ ವಿಷಯ ಒಂದೇ ಉಸಿರಿಗೆ ಒಪ್ಪಿಸಿದ.

“ನಿಂಗೆ ಸರಿ ಅನ್ಸಿದ್ರೆ ಸರಿ ಕಣಪ್ಪ,” ಅಂದರು ಯಜಮಾನರು, ಸ್ವಲ್ಪ ಆಶ್ಚರ್ಯದಿಂದ. “ಈಗ ಆ ಮ್ಯಾನೇಜರ್ ವಿಷಯ...”

ಅಷ್ಟರಲ್ಲಿ ಗೇಟಿನಲ್ಲಿ ನಂಜುಂಡಪ್ಪನವರು ಕಾಣಿಸಿಕೊಂಡರು. ಹಿಂದೆ ಅವರ ಮಗಳು ಶರ್ಮಿಳಾ, ನಾಡಿದ್ದಿನ ಮದುಮಗಳು.

“ಬೆಳಿಗ್ಗೆ ಇಲ್ಲಿ ಭಾಷಣ ಮಾಡಿದ್ದು ಯಾರ್ರೀ?” ಅಂದರು ನಂಜುಂಡಪ್ಪ.

ಬಾಯಿಂದ ಬಾಯಿಗೆ ಹೆಸರು ಬುಕ್ಕಾಂಬುಧಿಯವರೆಗೂ ಹೋಗಿದೆ ಅಂದುಕೊಂಡ ಓಂಕಾರೇಶ ವಿನಯದಿಂದ ಕೈ ಎತ್ತಿದ.

“ಬೆಳಿಗ್ಗೆ ಅಡುಗೆ ಮಾತಾಡೋಣ ಅಂತ ಇವ್ಳನ್ನೂ ಕರ್ಕೊಂಡು ಬಂದಿದ್ದೆ. ನಾನು ಒಳಗೆ ಹೋಗಿ ಬರೋವಷ್ಟ್ರಲ್ಲಿ ಇವ್ಳು ಕೊನೇ ಸಾಲಲ್ಲಿ ಕೂತು ನಿಮ್ ಮಾತು ಕೇಳ್ಬಿಟ್ಟವ್ಳೆ. ಮನೆಗೆ ಬಂದೋಳೇ ಗಂಡಿನ ಮನೇಗೆ ಫೋನ್ ಮಾಡಿ, ಮದ್ವೆ ಆದ್ಮೇಲೆ ಎಲ್ಲಾದ್ರೂ ಕೆಲಸಕ್ಕೆ ಸೇರ್ತೀನಿ ಅಂದ್ಳು. ಅವ್ರು ಆಗಲ್ಲ ಅಂದ್ರು. ಹಂಗಾದ್ರೆ ಮದ್ವೇನೂ ಆಗಲ್ಲ ಅಂದ್ಳು. ಮುಗೀತು.”

ಓಂಕಾರೇಶನ ಕೈ ಎತ್ತಿದಲ್ಲೇ ಉಳಿಯಿತು. ಯಜಮಾನರು ಕುರ್ಚಿಗೆ ಕುಸಿದರು. “ಈಗ ನಾಡಿದ್ದು ಮಂಟಪ ಖಾಲಿ ಬೀಳ್ತದಲ್ಲಮ್ಮ.”

“ಇಲ್ಲ ಅಂಕಲ್,” ಅಂದಳು ಶರ್ಮಿಳಾ. “ದೇವನೂರಲ್ಲಿ ನನ್ ಫ್ರೆಂಡ್ ಮನೇಲಿ ನಾಡಿದ್ದೇ ನಾಮಕರಣ ಇದೆ, ಮಂಟಪ ಸಿಗ್ದೆ ಒದ್ದಾಡ್ತಿದ್ರು. ಮಾತಾಡಿದೀನಿ, ನಾಳೆ ಬೆಳಿಗ್ಗೆ ಅಡ್ವಾನ್ಸ್ ಕೊಡೋಕೆ ಬತ್ತಾರೆ. ನಮ್ ಕಡೆ ನೆಂಟರಿಗೆಲ್ಲ ಬರ್ಬೇಡಿ ಅಂತ ನಾನೇ ಫೋನ್ ಮಾಡಿ ಹೇಳ್ದೆ. ಹೂವಿನೋರು, ವಾಲಗದೋರು ನಾಮಕರಣಕ್ಕೇ ಒಪ್ಕೊಂಡ್ರು.”

ಯಜಮಾನರು ಅವಳನ್ನು ಹೊಸ ಟ್ರ್ಯಾಕ್ಟರ್ ನೋಡುವ ಹಾಗೆ ನೋಡಿದರು. “ಇಷ್ಟೂ ಮಧ್ಯಾಹ್ನದಿಂದ ಮಾಡ್ದಾ?”

“ಹೂಂ ಅಂಕಲ್. ನಂಗೆ ಕೆಲಸ ಬೇಕು. ಮೇಲ್ಗಡೆ ರೂಮಿಗೆ ಮ್ಯಾನೇಜರ್ ಅಂತ ಬೋರ್ಡಿದೆ, ಒಳಗೆ ಯಾರೂ ಇಲ್ಲ. ನಾನು ಮಾಡ್ಲಾ? ಗುರಿ ಇದ್ರೆ ಬಾಯ್ಬಿಟ್ಟು ಕೇಳ್ಬೇಕು ಅಂತ ಸರ್ರೇ ಹೇಳಿದ್ರು.”

ಸರ್ ಅಂದರೆ ತಾನೇ ಅಂತ ಓಂಕಾರೇಶನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ನಾಳೆಯಿಂದ್ಲೇ ಬಾಮ್ಮ,” ಅಂದರು ಯಜಮಾನರು. ಮಧ್ಯಾಹ್ನದಿಂದ ಮಗಳ ಮೇಲೆ ಉರಿಯುತ್ತಿದ್ದ ನಂಜುಂಡಪ್ಪನವರ ಮುಖ ಕೂಡ ಅಷ್ಟಿಷ್ಟು ತಣ್ಣಗಾಯಿತು.

“ಯಜಮಾನ್ರೇ,” ಅಂದ ಓಂಕಾರೇಶ. ಅವನ ಸ್ವರ ಅವನಿಗೇ ಕೇಳಿಸಲಿಲ್ಲ. “ಆ ಕೆಲಸ ನಂಗೆ ಅಂತ...”

“ನಿಂಗಾ? ನೀನು ಯಾವತ್ತಾದ್ರೂ ಕೇಳಿದ್ಯೇನೋ? ಯಾರಾದ್ರೂ ಒಳ್ಳೇವ್ರನ್ನ ಹುಡುಕ್ಕೊಡು ಅನ್ನೋಣ ಅಂತಿದ್ದೆ, ನಿನ್ ಭಾಷಣವೇ ಹುಡುಕ್ಕೊಡ್ತು.” ಯಜಮಾನರಿಗೆ ನಿಜಕ್ಕೂ ಬೇಜಾರಾದ ಹಾಗಿತ್ತು. “ಒಂದು ಮಾತು ಹೇಳ್ಬಾರ್ದಾ. ಹೋಗ್ಲಿ, ಸೂಪರ್‌ವೈಸರ್ ಆಗಿ ಇದ್ದೇ ಇದೀಯಲ್ಲ... ಅಯ್ಯೋ, ಅದೂ ಸತೀಶಂಗೆ ಕೊಟ್ಬಿಟ್ಟೆ ಅಂದ್ಯಲ್ಲಪ್ಪ.”

ರಸ್ತೆ ಕಡೆಯ ಕೋಣೆಯಿಂದ ಹುಲಿಯಮ್ಮನ ಒಗ್ಗರಣೆಯ ವಾಸನೆ ಬಂತು. ಅದೇ ಹೊತ್ತಿಗೆ ಕರೆಂಟು ಹೋಯಿತು.

ಕತ್ತಲಲ್ಲಿ ಬಿಳೀ ಅಂಗಿಯೊಂದು ಬಾಗಿಲಿನಿಂದ ಮೆಲ್ಲಗೆ ಮುಂದೆ ಬಂತು.

“ಓಂಕಾರಣ್ಣ,” ಅಂದ ಸತೀಶ, ಬಲು ಮರ್ಯಾದೆಯಿಂದ, “ಜನರೇಟರ್ ಒಸಿ ಹಾಕ್ಬಿಡ್ತೀರಾ? ಅಂಗಿ ಹೊಸದು.”