ತಲೆಕೆಳಗಾದ ಬೆಟ್ಟ

ಕೆಸರಪ್ಪನ ಕೆಲಸಕ್ಕೆ ಕುತ್ತು ಬಂದದ್ದು ಒಂದು ಪೊರಕೆಯಿಂದ.

ಬೆಟ್ಟ ಯಾವಾಗ ಎದ್ದಿತೆಂದು ತಿಳಿಯಲು ಆ ಭೂವಿಜ್ಞಾನ ಸಂಸ್ಥೆಯಲ್ಲಿ ಎಲ್ಲರೂ ಬೆಟ್ಟವನ್ನು ನೋಡಿದರೆ ಇವನು ಅದರ ಬುಡದ ತಗ್ಗನ್ನು ನೋಡುತ್ತಿದ್ದ. ಬೆಟ್ಟ ಸವೆದು ಬಿದ್ದದ್ದೆಲ್ಲ ಪದರ ಪದರವಾಗಿ ಅಲ್ಲಿ ಕೂತಿರುತ್ತದೆ. ಅದನ್ನು ಕೊರೆದು ತೆಗೆದು ಪೆಟ್ಟಿಗೆಗಳಲ್ಲಿ ತುಂಬಿ, ಆಳದ ಪದರ ಅಡಿಗೆ, ಮೇಲಿನದು ಮೇಲಕ್ಕೆ ಎಂದು ಪ್ರಯೋಗಾಲಯದ ಮೂಲೆಯಲ್ಲಿ ಪೇರಿಸಿದ್ದ. ಕೆಸರಪ್ಪ ಎಂಬುದು ಸಹೋದ್ಯೋಗಿಗಳು ಇಟ್ಟ ಹೆಸರು. ಸಿಟ್ಟು ಬಂದಾಗ ಹೆಂಡತಿಯೂ ಅದನ್ನೇ ಬಳಸುತ್ತಿದ್ದಳು. ವರ್ಷಗಟ್ಟಲೆ ಹಂಗಾಮಿಯಾಗಿ ದುಡಿದವನಿಗೆ ಇಂದು ಕೊನೆಯ ಅವಕಾಶ. ಮುಖ್ಯಸ್ಥರು ಈ ಪದರಗಳನ್ನು ನೋಡಿ ಒಪ್ಪಿದರೆ ಇರುವ ಒಂದೇ ಕಾಯಂ ಹುದ್ದೆ ಅವನದು, ಇಲ್ಲದಿದ್ದರೆ ಮನೆ.

ಬಾಗಿಲು ತೆರೆದರೆ ನೆಲ ಫಳಫಳ ಹೊಳೆಯುತ್ತಿತ್ತು. ಹೆಂಡತಿಯ ತಮ್ಮ ಹಲ್ಲು ಕಿರಿಯುತ್ತ ನಿಂತಿದ್ದ. ಅವಳ ಕಾಟ ತಾಳಲಾರದೆ ಕೆಸರಪ್ಪನೇ ಅವನನ್ನು ಸಹಾಯಕನಾಗಿ ಸೇರಿಸಿದ್ದ.

"ಬೆಳಿಗ್ಗೇನೇ ಬಂದು ಪೆಟ್ಟಿಗೆ ಎಲ್ಲಾ ಸರಿಸಿ ಗುಡಿಸಿದೀನಿ ಭಾವ. ಪೆಟ್ಟಿಗೆಗಳ ಮೇಲೆ ಯಾರೋ ಸೀಮೆಸುಣ್ಣದಲ್ಲಿ ನಂಬರು ಗಿಂಬರು ಗೀಚಿದ್ರು, ಅದನ್ನೂ ಒರೆಸಿಬಿಟ್ಟೆ."

"ಸರಿಸಿದ್ಯಾ? ಹೇಗೆ?"

"ಮೇಲಿಂದ ಒಂದೊಂದೇ ಇಳಿಸಿ ಈ ಕಡೆ ಪೇರಿಸ್ದೆ."

ಕೆಸರಪ್ಪ ಪೆಟ್ಟಿಗೆಗಳತ್ತ ಓಡಿದ. ಮೇಲಿನದು ಅಡಿಗೆ, ಅಡಿಯದು ಮೇಲಕ್ಕೆ! ಬೈಯಲೂ ಹೊತ್ತಿರಲಿಲ್ಲ, ತಿರುಗಿ ಪೇರಿಸಲು ಶುರು ಮಾಡಿದ. ಅಷ್ಟರಲ್ಲಿ ಪಕ್ಕದ ಕೋಣೆಯ ಗುಮಾಸ್ತರು "ನಾನೂ ಕೈ ಹಾಕ್ತೀನಿ ತಡೀರಿ" ಎಂದು ಅರ್ಧ ಪೆಟ್ಟಿಗೆಗಳನ್ನು ಕಂಡ ಕಂಡಲ್ಲಿ ಇಟ್ಟು ಉಳಿದ ಕ್ರಮವನ್ನೂ ಕೆಡಿಸಿದರು. ಕೊನೆಗೆ ಕೆಸರಪ್ಪ ಒಂದೊಂದು ಪೆಟ್ಟಿಗೆಯೆದುರೂ ಮಂಡಿಯೂರಿ, ಭೂತಗನ್ನಡಿ ಹಿಡಿದು, ಅಕ್ಕಿ ಆರಿಸುವವನಂತೆ ಹರಳು ಹರಳು ನೋಡಿ ಎಲ್ಲವನ್ನೂ ಮೊದಲಿನಂತೆ ಪೇರಿಸಿದ. ಸೊಂಟ ಹಿಡಿದುಕೊಂಡಿತು.

ಮಧ್ಯಾಹ್ನ ಮುಖ್ಯಸ್ಥರು ಬಂದರು.

"ಅಡಿಯಲ್ಲಿ ನುಣ್ಣನೆ ಕೆಸರು ಸಾರ್, ಆಗ ಬೆಟ್ಟವೇ ಇರ್ಲಿಲ್ಲ. ಆಮೇಲೆ ಮರಳು. ಮೇಲೆ ಉಂಡೆಗಲ್ಲು. ಅಂದ್ರೆ ಬೆಟ್ಟ ಎದ್ದಿದ್ದು ತೀರಾ ಈಚೆಗೆ."

ಮುಖ್ಯಸ್ಥರ ಮುಖ ಹುಳ್ಳಗಾಯಿತು. ಬೆಟ್ಟ ಬಹಳ ಹಳೆಯದು, ಮೊದಲು ಉಂಡೆಗಲ್ಲು ಉದುರಿಸಿ, ಸವೆಯುತ್ತ ಸವೆಯುತ್ತ ಕೊನೆಗೆ ಬರೀ ಕೆಸರು ಸುರಿಸಿದೆ ಎಂದು ಜೀವಮಾನವಿಡೀ ಸಾರಿದವರು ಅವರು. ಅದು ಕೆಸರಪ್ಪನಿಗೂ ಗೊತ್ತಿತ್ತು. ಕಲ್ಲೇ ನಿಜ ಹೇಳಿದರೆ ಯಾರಾದರೂ ಒಪ್ಪುತ್ತಾರೆಂದು ನಂಬಿದ್ದ, ಪಾಪ.

"ಬೆಳಿಗ್ಗೆ ನಿಮ್ಮ ಸಹಾಯಕ ಪೇರಿಸುವಾಗ ನಾನು ಇಣುಕಿದ್ದೆ, ಉಂಡೆಗಲ್ಲು ಅಡಿಯಲ್ಲಿತ್ತಲ್ರೀ?"

"ಅದು ನನ್ನ ಭಾವಮೈದುನ ಗುಡಿಸುವಾಗ ತಲೆಕೆಳಗು ಮಾಡಿದ್ದು ಸಾರ್."

"ಈ ಸಂಸ್ಥೆಯಲ್ಲಿ ಸರಿಯಾಗಿ ಜೋಡಿಸಿದವನು ಅವನೊಬ್ಬನೇ ಕಣ್ರೀ! ಕೆಡಿಸಿದ್ದು ನೀವು. ಹುದ್ದೆ ಅವನಿಗೇ ಅಂತ ಆಗ್ಲೇ ಸಹಿ ಹಾಕಿದೀನಿ."

ಅವರ ಹಿಂದೆಯೇ ಓಡಿದ ಭಾವಮೈದುನ ಸ್ವಲ್ಪ ಹೊತ್ತಿನಲ್ಲಿ ಮರಳಿ ಬಂದು ಕೆಸರಪ್ಪನ ಹೆಗಲ ಮೇಲೆ ಕೈಯಿಟ್ಟ.

"ಬೇಜಾರು ಮಾಡ್ಕೋಬೇಡಿ ಭಾವ. ಅಕ್ಕಂಗೆ ಫೋನ್ ಮಾಡ್ದೆ, ಕುಣಿದಾಡಿಬಿಟ್ಲು. ನನ್ನ ಸಹಾಯಕನ ಜಾಗ ಖಾಲಿ ಆಯ್ತಲ್ಲ, ಅದಕ್ಕೆ ನಿಮ್ಮನ್ನೇ ತಗೊಳ್ಳಿ ಅಂತ ಸಾರ್ ಕಾಲು ಹಿಡಿದು ಒಪ್ಪಿಸಿದೀನಿ. ಈಗ ಬೇಗ ಆ ಪೆಟ್ಟಿಗೆ ಎಲ್ಲಾ ನಾನಿಟ್ಟಿದ್ದ ಹಾಗೇ ಇಟ್ಬಿಡಿ."

ಕೆಸರಪ್ಪ ಎದ್ದು ಹೋಗಿ ಮೇಲಿನ ಪೆಟ್ಟಿಗೆಗೆ ಕೈ ಹಾಕಿದ.