ಒಂಬತ್ತಡಿ ಎತ್ತರದ ಗೌರವ

ಪರದೆ ಅಂಗಡಿಯ ಯಜಮಾನರಿಗೆ ಬದುಕಿನಲ್ಲಿ ಎರಡೇ ದೂರು. ಒಂದು, ಮಖಮಲ್ಲಿನಿಂದ ಜಾಲರಿಯವರೆಗೆ ನೂರಿಪ್ಪತ್ತು ತುಂಡು ಹೊಲಿದಿದ್ದ ಅಂಗಡಿಯ ಸ್ಯಾಂಪಲ್ ಪುಸ್ತಕ ಆರು ವರ್ಷದ ಹಿಂದೆ ಮನೆಯಲ್ಲೇ ಮಾಯವಾಗಿತ್ತು. ಇನ್ನೊಂದು, ಮನೆಯ ಹೆಂಗಸರಿಗೆ ಧರ್ಮವೆಂದರೆ ಗೌರವವಿಲ್ಲ.

ಕುರ್‌ಆನ್ ಎಲ್ಲರ ತಲೆಗಿಂತ ಮೇಲಿರಬೇಕು ಎಂದು ಅವರ ಅಪ್ಪ ಹೇಳುತ್ತಿದ್ದರು. ಅಪ್ಪ ಕುಳ್ಳಗಿನ ಮನುಷ್ಯ, ಕಪಾಟಿನ ಮೇಲಿನ ಹಲಗೆಯೇ ಸಾಕಾಗಿತ್ತು. ಮಗ ಅಳತೆಯಲ್ಲಿ ಜಿಪುಣತನ ಮಾಡುವವರಲ್ಲ (ಗಿರಾಕಿಯ ಕಿಟಕಿಗೆ ಹೇಗೋ ಹಾಗೆಯೇ). ಬಡಗಿಯನ್ನು ಕರೆಸಿ ನಡುಮನೆಯ ಗೋಡೆಗೆ ಒಂಬತ್ತಡಿ ಎತ್ತರದಲ್ಲಿ ಹಲಗೆ ಹೊಡೆಸಿದರು. ಗ್ರಂಥಕ್ಕೆ ಏಳು ಸುತ್ತು ಬಟ್ಟೆ, ಕೊನೆಯದು ಹಸಿರು ಮಖಮಲ್ಲು. ಅದು ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಮಾಲು ಎಂದು ಹೆಂಡತಿ ಅಂದದ್ದು ಅವರಿಗೆ ಕೇಳಿಸಲಿಲ್ಲ.

ದಿನಾ ಬೆಳಿಗ್ಗೆ ಒಂದು ಪುಟ ಓದುತ್ತಿದ್ದ ಅವರ ತಾಯಿ, ಕೈಗೆ ಸಿಗುವ ಹಾಗೆ ಇಡು ಎಂದು ಕೇಳಿಕೊಂಡರು.

"ಕೈಗೆ ಸಿಗೋಕೆ ಅದೇನು ಸಕ್ಕರೆ ಡಬ್ಬವೇ, ಅಮ್ಮೀ? ಧರ್ಮ ಅಂತ ಒಂದಿದೆ."

ತಾಯಿ ಮತ್ತೆ ಆ ಮಾತೆತ್ತಲಿಲ್ಲ. ಧರ್ಮ ಗೆದ್ದಿತು ಎಂದು ಯಜಮಾನರು ಹಿಗ್ಗಿದರು. ದಿನವೂ ಅಂಗಡಿಗೆ ಹೊರಡುವ ಮುನ್ನ ಹಲಗೆಯ ಕಡೆ ಕೈಚಾಚಿ ಕಣ್ಣಿಗೊತ್ತಿಕೊಳ್ಳುವರು. ವರ್ಷಕ್ಕೊಮ್ಮೆ ಏಣಿ ಹತ್ತಿ, ಗಂಟಿನ ಧೂಳು ಒರೆಸಿ, ಮುತ್ತಿಟ್ಟು ಇಳಿಯುವರು.

ಎರಡು ವರ್ಷದ ಹಿಂದೆ ತಾಯಿಯ ಕಣ್ಣು ಮಂಜಾಯಿತು. ಇನ್ನು ತಿಳಿಯಾಗದು ಎಂದರು ಡಾಕ್ಟರು. ಆಗ ತಾಯಿ ಕೇಳಿದ್ದು ಒಂದೇ: ಪಕ್ಕದಲ್ಲಿ ಕೂತು ಒಂದು ಪುಟ ಓದು ಮಗಾ.

"ಅದಕ್ಕೊಂದು ಕ್ರಮ ಇದೆ ಅಮ್ಮೀ. ಏಣಿ ಬೇಕು, ಏಳು ಗಂಟು ಬಿಚ್ಚಬೇಕು. ಉಳಿದದ್ದು ಶುಕ್ರವಾರ ನೋಡೋಣ."

ಹಾಗೆ ನೂರು ಶುಕ್ರವಾರಗಳು ಬಂದು ಹೋದವು.

ಒಂದು ಶನಿವಾರ, ಹಾಸಿಗೆ ಹಿಡಿದಿದ್ದ ತಾಯಿಯನ್ನು ನೋಡಲು ಮೌಲ್ವಿ ಸಾಹೇಬರು ಮನೆಗೆ ಬಂದರು. ಯಜಮಾನರು ಮೊದಲು ತೋರಿಸಿದ್ದು ತಾಯಿಯನ್ನಲ್ಲ, ಹಲಗೆಯನ್ನು. ಸಾಹೇಬರು ಬೀಳುತ್ತಿದ್ದ ಟೋಪಿಯನ್ನು ಒಂದು ಕೈಯಲ್ಲಿ ಹಿಡಿದು ಮೇಲೆ ನೋಡಿದರು.

"ಎತ್ತರದಲ್ಲಿಡೋದು ಹಿರಿಯರ ರೂಢಿ. ಪ್ರೀತಿಯಿಂದ ಬಂದದ್ದು, ತಪ್ಪೇನಿಲ್ಲ," ಎಂದರು. "ಓದು ಅನ್ನೋದು ಮಾತ್ರ ಅದರೊಳಗೇ ಇರೋ ಮಾತು. ಇಳಿಸಿ, ಅಮ್ಮನಿಗೆ ಒಂದು ಪುಟ ಓದಿ. ನಾನೂ ಕೇಳ್ತೀನಿ."

ಗಿರಾಕಿಯ ಮುಂದೆ ಸೋತು ಗಜಕೋಲು ಕೆಳಗಿಟ್ಟು ಅಭ್ಯಾಸವಿಲ್ಲದವರು ಯಜಮಾನರು. ಕೈಕಾಲು ಮುಖ ತೊಳೆದು ವುಜೂ ಮಾಡಿ ಬಂದು ಏಣಿ ಒರಗಿಸಿದರು. ಇವತ್ತು ಬೇಡ ಎಂದು ಹೆಂಡತಿ ಸೆರಗು ಹಿಂಡುತ್ತ ತಡೆದಳು. ನೋಡಿದಿರಾ ಇವರ ಗೌರವ ಎಂಬಂತೆ ಯಜಮಾನರು ಸಾಹೇಬರ ಕಡೆ ತಿರುಗಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಗಂಟನ್ನು ಎದೆಗವಚಿಕೊಂಡು ಇಳಿದರು.

ಮಖಮಲ್ಲು ಬಿಚ್ಚಿದರು. ರೇಷ್ಮೆ ಬಿಚ್ಚಿದರು. ಏಳನೆಯ ಸುತ್ತೂ ಬಿಚ್ಚಿದಾಗ ಒಳಗಿದ್ದದ್ದು ಅವರದೇ ಸ್ಯಾಂಪಲ್ ಪುಸ್ತಕ. ಮೊದಲ ಪುಟದಲ್ಲಿ ಅವರದೇ ಕೈಬರಹ: 'ಒಗೆದರೂ ಬಣ್ಣ ಹೋಗುವುದಿಲ್ಲ.'

ಯಜಮಾನರ ಮುಖದ ಬಣ್ಣ ಮಾತ್ರ ಹೋಗಿತ್ತು. ಸಾಹೇಬರು ಟೋಪಿ ತೆಗೆದು ಅದರ ಹೊಲಿಗೆಯನ್ನು ಬಹಳ ಹೊತ್ತು ಪರೀಕ್ಷಿಸಿದರು.

"ಗಂಟು ತೆಳ್ಳಗಾದರೆ ನಿನಗೆ ಗೊತ್ತಾಗುತ್ತೆ ಅಂತ, ಅಳತೆಗೆ ಸರಿಯಾದದ್ದನ್ನೇ ಇಟ್ವಿ," ಎಂದರು ತಾಯಿ, ಮಲಗಿದಲ್ಲಿಂದಲೇ.

ಏಣಿ ಹತ್ತಿ ಗ್ರಂಥ ಬದಲಿಸಿದ್ದು ಹೆಂಡತಿಯೇ ಅಂತೆ, ಆರು ವರ್ಷದ ಹಿಂದೆ ಹಲಗೆ ಹೊಡೆಸಿದ ವಾರದಲ್ಲೇ. ಅತ್ತೆಯ ತಲೆದಿಂಬಿನ ಪಕ್ಕದ ಪುಟ್ಟ ಪೆಟ್ಟಿಗೆಯಿಂದ ಅವಳು ಗ್ರಂಥವನ್ನು ತಂದಳು. ಒಂದೇ ಒಂದು ಬಿಳಿ ಬಟ್ಟೆ, ಬೆರಳು ತಾಗಿ ತಾಗಿ ಸವೆದ ಅಂಚು. ನಡುವೆ ಗುರುತಿಗೆ ಪರದೆ ಬಟ್ಟೆಯ ಒಂದು ಚೂರು.

"ಅಮ್ಮೀ ಕಣ್ಣು ನಿಂತದ್ದು ಈ ಪುಟದಲ್ಲಿ," ಎಂದಳು. "ನೀವು ಅಂಗಡಿಗೆ ಹೋದ ಮೇಲೆ ನಾನು ಓದಿ ಹೇಳ್ತೀನಿ, ಮೊದಲಿಂದ ಇಲ್ಲಿವರೆಗೆ, ಮತ್ತೆ ಮೊದಲಿಂದ. ಮುಂದಿನದು ಮಾತ್ರ ಬೇಡ ಅಂತಾರೆ. ಅದು ಮಗನ ಪಾಲಂತೆ."

ಯಜಮಾನರು ನೆಲದ ಮೇಲೆ ಕೂತರು. ಬಿಸ್ಮಿಲ್ಲಾ ಸರಾಗವಾಗಿ ಬಂತು. ಮುಂದಿನ ಸಾಲಿನಲ್ಲಿ ನಾಲಗೆ ತೊಡರಿತು. ಇಷ್ಟು ವರ್ಷ ಹೊರಗಿನ ಮಖಮಲ್ಲನ್ನು ನೋಡಿದ ಕಣ್ಣಿಗೆ ಒಳಗಿನ ಅಕ್ಷರಗಳು ಗುರುತು ಹಿಡಿಯದ ನೆಂಟರಾಗಿದ್ದವು.

"ಅಲ್ಲಿ ಎಳೀಬೇಕು ಮಗಾ," ಎಂದರು ತಾಯಿ, ಕಣ್ಣು ಮುಚ್ಚಿಕೊಂಡೇ. ಇನ್ನೊಂದು ಪದ. "ಅಲ್ಲಿ ನಿಲ್ಲಿಸಬೇಕು."

ಐದು ವರ್ಷದ ಹುಡುಗನನ್ನು ಮಡಿಲಲ್ಲಿ ಕೂರಿಸಿಕೊಂಡು ತಿದ್ದಿದ ದನಿ ಅದೇ. ಈಗ ಎರಡು ಮಾತಿಗೊಮ್ಮೆ ಉಸಿರು ಸಾಲುತ್ತಿರಲಿಲ್ಲ. ಅರ್ಧ ಪುಟ ಮುಗಿಯುವಷ್ಟರಲ್ಲಿ ಸಾಹೇಬರ ಚಹಾ ಆರಿತ್ತು, ತಾಯಿಯ ಹಣೆ ಬೆವತಿತ್ತು. ಇನ್ನರ್ಧವನ್ನೂ ಓದುತ್ತೇನೆ, ಈಗಲೇ ಓದುತ್ತೇನೆ ಎಂದು ಯಜಮಾನರು ಅಂಗಲಾಚಿದರು.

ತಾಯಿ ಅವರ ತಲೆ ತಡವಿ, ಗೋಡೆಯ ಕಡೆ ಮಗ್ಗುಲಾದರು.

"ಸಾಕು ಮಗಾ, ದಣಿವಾಯ್ತು. ಉಳಿದದ್ದು ಶುಕ್ರವಾರ ನೋಡೋಣ."

ಶುಕ್ರವಾರಕ್ಕೆ ಇನ್ನೂ ಆರು ದಿನಗಳಿದ್ದವು. ಯಜಮಾನರು ಅಂಗಡಿಗೆ ಬೀಗ ಹಾಕಿ ಬಂದು, ಅಷ್ಟೂ ದಿನ ಆ ಮಂಚದ ಪಕ್ಕದ ನೆಲ ಬಿಟ್ಟು ಏಳಲಿಲ್ಲ.