ಕೂಳಿಗೆ ಮುನಿದ ಚಿಕ್ಕಪ್ಪ

ಕೊಡಗು ರಾಜ್ಯದಲ್ಲೆಲ್ಲ ಅತಿ ಕೆಟ್ಟ ಊಟ ಎಲ್ಲಿ ಸಿಗುತ್ತದೆ ಎಂದು ನೀವು ಆಗ ನಮ್ಮ ಚಿಕ್ಕಪ್ಪನನ್ನು ಕೇಳಬೇಕಿತ್ತು. ಬರೀ ದಾರಿ ತೋರಿಸಿ ಬಿಡುವ ಆಸಾಮಿಯಲ್ಲ ಅವರು. ಕೈಹಿಡಿದು ಕರೆದುಕೊಂಡು ಹೋಗಿ, ಪಕ್ಕದಲ್ಲೇ ಕೂತು, ಅನ್ನಕ್ಕೊಂದು ಸಾರಿಗೊಂದು ಬೈಗುಳ ಬೈದು, ಹೊಟ್ಟೆ ತುಂಬ ಉಂಡು, ಮರುದಿನ ಮತ್ತೆ ಅಲ್ಲಿಗೇ ಹೋಗುತ್ತಿದ್ದರು! ಇಂಥವರೊಬ್ಬರು ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ನೀವು ಪುಣ್ಯವಂತರು. ನಮ್ಮಮ್ಮ ಅಷ್ಟು ಪುಣ್ಯ ಮಾಡಿರಲಿಲ್ಲ.

ಆ ಹೋಟೆಲು ಕುಶಾಲನಗರದ ಸಂತೆಮಾಳದ ಹಿಂದೆ ಇತ್ತು. ಹೋಟೆಲು ಎನ್ನುವುದು ನನ್ನ ದಾಕ್ಷಿಣ್ಯ. ಬಾಗಿಲಿಗೆ ಹೆಸರಿಲ್ಲ, ಗೋಡೆಗೆ ಸುಣ್ಣವಿಲ್ಲ, ಮೇಲೆ ತಗಡು, ಕೆಳಗೆ ಕುಂಟುವ ಬೆಂಚುಗಳು. ಬಾಳೆಲೆ ಊರಿನ ಕಡೆಯ ಒಬ್ಬ ಕೊಡವ ಹೆಂಗಸು, ಗಂಡ ಸತ್ತ ಮೇಲೆ ಇಲ್ಲಿಗೆ ಬಂದು ಅದನ್ನು ನಡೆಸುತ್ತಿದ್ದರು. ಲಾರಿಯವರು, ಸಂತೆಯವರು ಎಲ್ಲರಿಗೂ ಅವರು ‘ಅವ್ವ’. ಅನ್ನ, ಒಂದು ಸಾರು, ಉಪ್ಪಿನಕಾಯಿ, ಇಷ್ಟೇ ಅಲ್ಲಿಯ ಊಟ. ಬೇರೆ ಏನಿದೆ ಎಂದು ಕೇಳಿದವರಿಗೆ ಅವ್ವ "ನೀರಿದೆ" ಎನ್ನುತ್ತಿದ್ದರು.

ಮನೆಯಲ್ಲಿ ಬಿಸಿ ಮುದ್ದೆ, ಬಸ್ಸಾರು ಇರುವಾಗ ಚಿಕ್ಕಪ್ಪನಿಗೆ ಅಲ್ಲೇನು ಕೆಲಸ? ಎಲ್ಲ ಒಂದು ಮಾತಿನಿಂದ ಆದದ್ದು. ನಮ್ಮವರು ಹಾಸನದ ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದವರು. ಚಿಕ್ಕಪ್ಪ ಮದುವೆಯಾಗದೆ ಅಣ್ಣನ ಜೊತೆಗೇ, ಅಂದರೆ ನಮ್ಮ ಅಪ್ಪನ ಜೊತೆಗೇ, ಉಳಿದಿದ್ದರು. ಒಂದು ಮಧ್ಯಾಹ್ನ ಸಾರಿಗೆ ಹುಳಿ ಸಾಲದು ಎಂದು ತಟ್ಟೆಯ ಮುಂದೆ ಗೊಣಗುತ್ತಿದ್ದರು. ಎತ್ತು ಕಾಲು ಮುರಿದುಕೊಂಡ ಸಿಟ್ಟಿನಲ್ಲಿದ್ದ ಅಪ್ಪ, "ಕೂಳಿಗೆ ದಂಡ, ಭೂಮಿಗೆ ಭಾರ!" ಎಂದುಬಿಟ್ಟರು. ಹಗಲೆಲ್ಲ ಗದ್ದೆಯಲ್ಲಿ ಬೆವರು ಸುರಿಸುವವನಿಗೆ ಹೇಳುವ ಮಾತೇ ಅದು? ಚಿಕ್ಕಪ್ಪ ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆದರು.

"ಅಣ್ಣ ಬಾಯ್ಬಿಟ್ಟು ಉಣ್ಣು ಅನ್ನೋಗಂಟ ಈ ಮನೇಲಿ ಒಂದು ಅಗುಳೂ ಮುಟ್ಟಕಿಲ್ಲ."

"ಕರೆಯಾಕೆ ಇವ್ನೇನು ಬೀಗ್ನಾ?" ಎಂದರು ಅಪ್ಪ.

ಮುಗಿಯಿತು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ, ಹಟದಲ್ಲಿ ಯಾರೂ ಕಡಿಮೆಯಿಲ್ಲ. ಹಾಗೆಂದು ಚಿಕ್ಕಪ್ಪ ಮನೆ ಬಿಟ್ಟರೇ? ಅದೂ ಇಲ್ಲ! ನಮ್ಮ ಜಗಲಿಯಲ್ಲೇ ಮಲಗಿದರು, ನಮ್ಮ ಗದ್ದೆಯನ್ನೇ ಉತ್ತರು. ಬಾಯಾರಿದಾಗ ಮಜ್ಜಿಗೆ ಕುಡಿಯುತ್ತಿದ್ದರು, ಅದು ನೀರಿನ ಜಾತಿಯಂತೆ. ಹಿತ್ತಲಿನ ಹಲಸಿನ ಹಣ್ಣು ತಿನ್ನುತ್ತಿದ್ದರು, ಅದನ್ನು ಕೊಟ್ಟಿದ್ದು ಮರವಂತೆ, ಮನೆಯಲ್ಲವಂತೆ. ವಕೀಲಿಕೆ ಓದಿದ್ದರೆ ಮಡಿಕೇರಿಯಲ್ಲಿ ಒಳ್ಳೆಯ ಹೆಸರು ಮಾಡುತ್ತಿದ್ದರು.

ಅವ್ವನ ಹೋಟೆಲಿನಲ್ಲಿ ಮೊದಲ ದಿನವೇ ಅನಾಹುತವಾಯಿತು. ಚಿಕ್ಕಪ್ಪ ಎಲೆಯ ಮುಂದೆ ಕೂತು ಮೊದಲ ಸಲ ಬಡಿಸಿದ್ದನ್ನು ಮುಗಿಸಿದ್ದರು. ಅವ್ವ ಬಂದು, ಪ್ರೀತಿಯಿಂದಲೇ, "ಗೌಡ್ರೇ, ಇನ್ನೂ ಕೂಳ್ ಬೇಕಾ?" ಎಂದರು.

ಚಿಕ್ಕಪ್ಪ ಎಂಜಲುಗೈಯಲ್ಲೇ ಎದ್ದು ನಿಂತರು. "ಓಹೋ! ಇಲ್ಲಿಗೂ ಹೇಳಿ ಕಳ್ಸವ್ನಾ ನಮ್ಮಣ್ಣ?"

ಅವ್ವನಿಗೆ ತಲೆಬುಡ ತಿಳಿಯಲಿಲ್ಲ. ಚಿಕ್ಕಪ್ಪ ಈ ರಾಜ್ಯದ ಸಹವಾಸವೇ ಬೇಡವೆಂದು ಸೇತುವೆ ದಾಟಿದರು. ಆಗಿನ್ನೂ ಕೊಡಗು ಬೇರೆ, ಹೊಳೆಯ ಆಚೆ ಮೈಸೂರು ರಾಜ್ಯ. ಅಲ್ಲಿ ಸಿಕ್ಕಿದ್ದು ಹಳಸಿದ ಚಿತ್ರಾನ್ನ. ಸಂಜೆ ಹೊಟ್ಟೆ ಹಿಡಿದುಕೊಂಡು ವಾಪಸು ಬರುವಾಗ ಇವರ ಗೋಳು ಕೇಳಿದ ಬಸ್ಸಿನ ಕಂಡಕ್ಟರನೊಬ್ಬ ವಿಷಯ ಬಿಡಿಸಿ ಹೇಳಿದ. "ಗೌಡ್ರೇ, ಕೊಡವರ ಮಾತಲ್ಲಿ ಕೂಳ್ ಅಂದ್ರೆ ಅನ್ನ. ಮದುವೆ ಮನೇಲಿ ತುಪ್ಪದನ್ನ ಬಡಿಸೋವಾಗ್ಲೂ ನೈಕೂಳ್ ಅಂತಾನೇ ಅನ್ನೋದು. ಬೈಗುಳ ಅಲ್ಲ ಮಾರಾಯ್ರೇ!" ಅಲ್ಲಿಂದಾಚೆ ಚಿಕ್ಕಪ್ಪ ಆ ಹೋಟೆಲನ್ನು ಬಿಡಲಿಲ್ಲ.

ಊಟ ಮಾತ್ರ ಅವರಿಗೆ ಒಂದು ದಿನವೂ ಹಿಡಿಸಲಿಲ್ಲ. ಸಾರಿನಲ್ಲಿ ಬೇಳೆ ಹುಡುಕಲು ಬಲೆ ಬೇಕು, ಅನ್ನದ ಕಲ್ಲು ಕೂಡಿಟ್ಟರೆ ಹಟ್ಟಿ ಕಟ್ಟಬಹುದು, ಹೀಗೆ ಅವರ ಪುರಾಣ. ಒಮ್ಮೆ ಅವ್ವನಿಗೂ ತಲೆ ಕೆಟ್ಟಿತು.

"ಬೇಳೆ ಇರೋ ಸಾರು ನಿಮ್ಮ ಮನೇಲಿ ಉಂಟಲ್ಲ ಗೌಡ್ರೇ, ಅಲ್ಲಿ ಹೋಗಿ ಉಣ್ಣಿ."

ಅವತ್ತು ಚಿಕ್ಕಪ್ಪ ಕಲ್ಲನ್ನೂ ಸೇರಿಸಿ ಉಂಡರು.

ನಾನಾಗ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಸಂತೆ ದಿನ ಚಿಕ್ಕಪ್ಪನ ಪಕ್ಕ ಕೂತು, ಅದೇ ಕಲ್ಲು ಅಗಿಯುತ್ತ, ಅಮ್ಮನ ಪರವಾಗಿ ರಾಯಭಾರ ನಡೆಸುತ್ತಿದ್ದೆ. "ಬಂದುಬಿಡಿ ಚಿಕ್ಕಪ್ಪ, ಅಮ್ಮ ಕಾಯ್ತಾಳೆ" ಎಂದರೆ, "ಅತ್ಗೆ ದೇವ್ರಂಥವ್ರು ಕಣ್ಲಾ, ಆದ್ರೆ ಅನ್ನಬೇಕಾದೋನು ಅನ್ಲಿ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಮ್ಮ ದಿನವೂ ಅವರ ಪಾಲಿನ ಮುದ್ದೆ ತೊಳಸಿಡುತ್ತಿದ್ದಳು. ಅದು ದಿನವೂ ನಾಯಿಯ ಪಾಲಾಗುತ್ತಿತ್ತು. "ಅಂದೋರು ಅವ್ರು, ಅನ್ನಿಸ್ಕೊಂಡೋರು ಇವ್ರು, ಸಿಕ್ಷೆ ನನ್ನಡ್ಗೆಗೆ" ಎಂದು ಅಮ್ಮ ಒಲೆಯ ಮುಂದೆ ಹೇಳಿಕೊಳ್ಳುತ್ತಿದ್ದಳು. ಗಂಡಸರ ಮಾನ ಎಷ್ಟು ಹೆಂಗಸರ ಅನ್ನವನ್ನು ಹಾಳು ಮಾಡಿದೆಯೋ! ಅಪ್ಪನೋ, ತಮ್ಮ ಉಂಡನೇ ಎಂದು ಒಂದು ದಿನವೂ ಕೇಳಿದವರಲ್ಲ. ಹೀಗೆ ವರ್ಷಗಳೇ ಉರುಳಿದವು.

ಆಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು. ಊರಿಗೆಲ್ಲ ಕೇಳುವಂತೆ ಗದರುತ್ತಿದ್ದ ಮನುಷ್ಯನಿಗೆ ಕಟವಾಯಿಯಲ್ಲಿ ಗಂಜಿ ಸೋರುವುದು ಸಹಿಸಲಾಗಲಿಲ್ಲ. ಅಮ್ಮ ತುತ್ತು ಹಿಡಿದರೆ ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಹಿಡಿದರೂ ಅಷ್ಟೆ. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮಧ್ಯಾಹ್ನ ನಾನು ಸೀದಾ ಹೋಟೆಲಿಗೆ ಹೋದೆ. ಚಿಕ್ಕಪ್ಪ ಆಗಷ್ಟೇ ಅನ್ನ ಕಲಸುತ್ತಿದ್ದರು.

"ಅಪ್ಪ ಏನೂ ತಿಂತಿಲ್ಲ. ನೀವು ಇಲ್ಲೇ ಕೂತು ಉಣ್ಣಿ, ನಿಮ್ಮ ಮಾನ ಉಳೀಲಿ!" ಎಂದೆ. ಇದ್ದ ಕಹಿಯೆಲ್ಲ ಆ ಮಾತಿನಲ್ಲಿತ್ತು.

ಚಿಕ್ಕಪ್ಪ ಕಲಸಿದ ಅನ್ನ ಬಿಟ್ಟು ಎದ್ದರು. ಮನೆಗೆ ಬಂದವರು ಸೀದಾ ಒಳಗೆ ಹೋಗಿ, ಅಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡು, ಅಪ್ಪನ ಪಕ್ಕ ನೆಲದ ಮೇಲೆ ಕೂತರು. ಮೊಸರನ್ನ ಕಿವುಚಿ ತುತ್ತು ಮಾಡಿ, "ಬಾಯ್ ತಗಿಯಣ್ಣ" ಎಂದರು. ಅಪ್ಪ ಗೋಡೆ ನೋಡಿದರು.

"ನಾಚ್ಕೆ ಯಾಕಣ್ಣ? ನೋಡು, ನಾನೂ ತಿಂತೀನಿ." ಚಿಕ್ಕಪ್ಪ ಆ ತುತ್ತನ್ನು ತಮ್ಮ ಬಾಯಿಗೇ ಇಟ್ಟುಕೊಂಡರು. ನಮ್ಮ ಮನೆಯ ಅನ್ನ! ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಈಗ ನೀನು."

ಅಪ್ಪ ಈ ಕಡೆ ತಿರುಗಿ ಬಾಯಿ ತೆರೆದರು. ಅರ್ಧ ಒಳಗೆ ಹೋಯಿತು, ಅರ್ಧ ಚೆಲ್ಲಿತು. ಚೆಲ್ಲಿದ್ದನ್ನು ಚಿಕ್ಕಪ್ಪ ತಮ್ಮ ಟವಲಿನಲ್ಲೇ ಒರೆಸಿ ಮತ್ತೊಂದು ತುತ್ತು ಹಿಡಿದರು. ಅಪ್ಪ ಅದನ್ನು ನುಂಗಿ, ಬದುಕಿದ್ದ ಎಡಗೈಯಿಂದ ತಟ್ಟೆಯನ್ನು ತಮ್ಮನ ಕಡೆಗೆ ಸರಿಸಿ, ಏನೋ ತೊದಲಿದರು. ನನಗೆ ತಿಳಿಯಲಿಲ್ಲ, ಅಮ್ಮನಿಗೂ ತಿಳಿಯಲಿಲ್ಲ. ಅಪ್ಪನ ಕಣ್ಣಲ್ಲಿ ಮಾತ್ರ ನೀರು ಇಳಿಯುತ್ತಿತ್ತು.

ಚಿಕ್ಕಪ್ಪ ತಲೆ ಎತ್ತದೆ ಹೇಳಿದರು. "ಅತ್ಗೆ, ನಂಗೂ ಒಂದು ತಟ್ಟೆ ಹಾಕಿ. ಅಣ್ಣ ಉಣ್ಣು ಅಂತಾವ್ನೆ."